ಕರಜಗಿಯ ರೋಗಿಗೂ ಒಂದು ಮಾತ್ರೆಗೂ ನಡುವಿನ ದೂರ

ಹೊಟ್ಟೆಯೊಳಗೆ ಗಡ್ಡೆಯಿದೆ ಎಂದು ವೈದ್ಯರು ಹೇಳಿದ ಕ್ಷಣವೇ ನಮ್ಮಲ್ಲಿ ಅನೇಕ ಕುಟುಂಬಗಳು ರೋಗಿಯನ್ನು ಮನಸ್ಸಿನಲ್ಲಿ ದಫನ ಮಾಡಿಬಿಡುತ್ತವೆ. ಅಫಝಲ್‌ಪುರ ತಾಲೂಕಿನ ಕರಜಗಿಯಂಥ ಊರಿನವರು ಹಾಗೆ ಮಾಡಿದರೆ ಅವರನ್ನು ದೂರುವುದು ಸುಲಭವಲ್ಲ. ಅರ್ಬುದ ತಜ್ಞನೊಬ್ಬನ ಮುಖ ನೋಡಬೇಕಾದರೆ ತಾಲೂಕು ಕೇಂದ್ರವನ್ನು ದಾಟಿ ಕಲಬುರಗಿಗೋ ಗಡಿಯಾಚೆಯ ಸೊಲ್ಲಾಪುರಕ್ಕೋ ಹೋಗಬೇಕು. ಅಲ್ಲಿಂದ ಬೆಂಗಳೂರಿಗೆ ಕಳುಹಿಸಿದರೆ ಮತ್ತೆ ಸುಮಾರು 600 ಕಿಲೋಮೀಟರ್. ಕಬ್ಬು ಕಡಿದು, ತೊಗರಿ ರಾಶಿ ಮಾಡಿ ದಿನಗೂಲಿ ತರುವವನಿಗೆ ಈ ಪ್ರಯಾಣವೇ ಒಂದು ರೋಗ. ಆದರೆ ನಿರಾಶೆಗೆ ಕಾರಣಗಳಿವೆ ಎಂದ ಮಾತ್ರಕ್ಕೆ ಎಲ್ಲ ನಿರಾಶೆಯೂ ಸರಿಯೆಂದಾಗುವುದಿಲ್ಲ. ಒಂದು ಬಗೆಯ ಗಡ್ಡೆಯ ಮಟ್ಟಿಗಂತೂ ಅದು ಶುದ್ಧ ತಪ್ಪು. ಆ ಗಡ್ಡೆಯ ಕುರಿತು ನಮ್ಮ ಓದುಗರು ತಿಳಿದಿರಬೇಕೆಂದು ನಾವು ಬಯಸುತ್ತೇವೆ.

ಜಠರ ಮತ್ತು ಕರುಳಿನ ಗೋಡೆಯಲ್ಲಿ ಹುಟ್ಟುವ ಈ ಗಡ್ಡೆಯನ್ನು ವೈದ್ಯರು ಜಿಸ್ಟ್ ಎನ್ನುತ್ತಾರೆ. ಇದು ಅಪರೂಪದ್ದು, ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಹತ್ತು-ಹದಿನೈದು ಮಂದಿಗೆ ಬರುತ್ತದೆ. ಅರ್ಧಕ್ಕಿಂತ ಹೆಚ್ಚಿನವು ಜಠರದಲ್ಲಿ, ಉಳಿದವುಗಳಲ್ಲಿ ಹೆಚ್ಚಿನವು ಸಣ್ಣ ಕರುಳಿನಲ್ಲಿ. ಅದು ಸದ್ದಿಲ್ಲದೆ ಬೆಳೆಯುತ್ತದೆ. ಒಳಗೊಳಗೇ ರಕ್ತ ಸೋರುತ್ತದೆ, ಮಲ ಡಾಂಬರಿನಂತೆ ಕಪ್ಪಾಗುತ್ತದೆ, ಮುಖ ಬಿಳುಚುತ್ತದೆ. ನಾವೋ ಮೂಲವ್ಯಾಧಿಯೆಂದು ಮುಲಾಮು ಹಚ್ಚುತ್ತೇವೆ, ದೃಷ್ಟಿ ತಾಗಿದೆಯೆಂದು ತಾಯತ ಕಟ್ಟುತ್ತೇವೆ, ನಿಶ್ಶಕ್ತಿಯೆಂದು ಟಾನಿಕ್ ಕುಡಿಸುತ್ತೇವೆ. ಹೀಗೆ ಒಂದು ವರ್ಷ ಕಳೆದುಹೋಗುತ್ತದೆ.

ಬಹುಕಾಲ ವೈದ್ಯಶಾಸ್ತ್ರವೂ ಇದನ್ನು ಸ್ನಾಯುವಿನ ಗಡ್ಡೆಯೆಂದೇ ತಪ್ಪಾಗಿ ತಿಳಿದಿತ್ತು. ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದಿದ್ದರೆ ಬೇರೆ ದಾರಿಯಿರಲಿಲ್ಲ. ರೂಢಿಯ ಕಿಮೋಥೆರಪಿಗೆ ಇದು ಜಗ್ಗುತ್ತಿರಲಿಲ್ಲ. 1998ರಲ್ಲಿ ಜಪಾನಿನ ಹಿರೋಟಾ ಮತ್ತು ಸಂಗಡಿಗರು ಈ ಗಡ್ಡೆಯ ಜೀವಕೋಶದೊಳಗೆ ಇಣುಕಿ ನೋಡಿ, ಕಿಟ್ ಎಂಬ ಜೀನ್‌ನಲ್ಲಿ ದೋಷವಿರುವುದನ್ನು ತೋರಿಸಿದರು. ಜೀವಕೋಶದ ಪೊರೆಯಲ್ಲಿರುವ ಕಿಟ್ ಪ್ರೋಟೀನು ಒಂದು ಸ್ವಿಚ್ಚಿನಂತೆ. ಹೊರಗಿನಿಂದ ಆಜ್ಞೆ ಬಂದಾಗ ಮಾತ್ರ ಅದು ಬೆಳೆಯಲು ಹೇಳುತ್ತದೆ. ಜೀನ್ ಕೆಟ್ಟರೆ ಆ ಸ್ವಿಚ್ಚು ಆಜ್ಞೆಯಿಲ್ಲದೆಯೇ ಹಗಲಿರುಳೂ ಉರಿಯುತ್ತಿರುತ್ತದೆ. ಗಡ್ಡೆಯೆಂದರೆ ಇಷ್ಟೇ: ಆರಿಸಲು ಮರೆತ ಒಂದು ದೀಪ. ಆ ಹೊತ್ತಿಗೆ ಒಂದು ಬಗೆಯ ರಕ್ತ ಕ್ಯಾನ್ಸರಿಗಾಗಿ ಇಮ್ಯಾಟಿನಿಬ್ ಎಂಬ ಔಷಧಿಯ ಪ್ರಯೋಗ ನಡೆದಿತ್ತು. ಅದು ಕಿಟ್ ಪ್ರೋಟೀನಿನ ಶಕ್ತಿ ಪಡೆಯುವ ಕುಳಿಯಲ್ಲಿ ಕುಳಿತು ಸ್ವಿಚ್ಚನ್ನು ಆರಿಸಬಲ್ಲದು ಎಂಬುದು ಗೊತ್ತಾಯಿತು. 2000ದ ಮಾರ್ಚ್‌ನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ, ಬೇರೆ ಯಾವ ಚಿಕಿತ್ಸೆಯೂ ಉಳಿದಿರದ ಮಹಿಳೆಯೊಬ್ಬರಿಗೆ ಆ ಮಾತ್ರೆಯನ್ನು ಕೊಡಲಾಯಿತು. ಕೆಲವೇ ವಾರಗಳಲ್ಲಿ ಗಡ್ಡೆಗಳು ಕುಗ್ಗತೊಡಗಿದವು. 2002ರಲ್ಲಿ ಅಮೇರಿಕವು ಈ ರೋಗಕ್ಕೆ ಅದನ್ನು ಅಂಗೀಕರಿಸಿತು. ಒಂದೂವರೆ ವರ್ಷವೂ ಬದುಕುವ ಭರವಸೆಯಿಲ್ಲದಿದ್ದ, ರೋಗ ಹರಡಿದ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಸುಮಾರು ಐದು ವರ್ಷ ಬದುಕುವಂತಾಯಿತು.

ಮಾತ್ರೆ ಸಿಕ್ಕಿತು, ಆದರೆ ಯಾರಿಗೆ? ನೋವಾರ್ಟಿಸ್ ಎಂಬ ಸ್ವಿಸ್ ಕಂಪೆನಿ ಗ್ಲಿವೆಕ್ ಹೆಸರಿನಲ್ಲಿ ಮಾರುತ್ತಿದ್ದ ಆ ಔಷಧಿಗೆ ಭಾರತದಲ್ಲಿ ತಿಂಗಳಿಗೆ ಸುಮಾರು 1.20 ಲಕ್ಷ ರೂಪಾಯಿ ಬೆಲೆಯಿತ್ತು. ನಮ್ಮದೇ ಕಂಪೆನಿಗಳು ಅದನ್ನೇ ಹತ್ತು ಸಾವಿರದ ಆಸುಪಾಸಿನಲ್ಲಿ ತಯಾರಿಸುತ್ತಿದ್ದವು. 1998ರಲ್ಲೇ ಚೆನ್ನೈಯ ಪೇಟೆಂಟ್ ಕಚೇರಿಯಲ್ಲಿ ಅರ್ಜಿ ಹಾಕಿದ್ದ ನೋವಾರ್ಟಿಸ್‌ಗೆ 2003ರಲ್ಲಿ ಏಕಸ್ವಾಮ್ಯ ಮಾರಾಟದ ಹಕ್ಕೂ ದೊರೆಯಿತು. ಬಡರೋಗಿಗಳ ಪರವಾಗಿ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಶನ್ ಅದನ್ನು ವಿರೋಧಿಸಿತು. 2005ರ ತಿದ್ದುಪಡಿಯಲ್ಲಿ ಪೇಟೆಂಟ್ ಕಾಯಿದೆಗೆ ಸೇರಿಸಲಾದ 3(ಡಿ) ಕಲಂ ಇಲ್ಲಿ ನೆರವಾಯಿತು. ಹಳೆಯ ಔಷಧಿಯ ರೂಪವನ್ನಷ್ಟೇ ಬದಲಿಸಿ, ಗುಣದಲ್ಲಿ ಹೆಚ್ಚಳವನ್ನು ತೋರಿಸದೆ ಹೊಸ ಪೇಟೆಂಟ್ ಕೇಳುವಂತಿಲ್ಲ ಎಂಬುದು ಅದರ ತಿರುಳು. 2006ರಲ್ಲಿ ಅರ್ಜಿ ತಿರಸ್ಕೃತವಾಯಿತು. ಕಲಮನ್ನೇ ಪ್ರಶ್ನಿಸಿ ಹೋದ ಕಂಪೆನಿಗೆ 2007ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲೂ ಸೋಲಾಯಿತು. ಕೊನೆಗೆ 2013ರ ಎಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿಯವರ ಸುಪ್ರೀಂ ಕೋರ್ಟ್ ಪೀಠವು ನೋವಾರ್ಟಿಸ್‌ನ ಮೇಲ್ಮನವಿಯನ್ನು ವಜಾ ಮಾಡಿತು. ಆಗ ನಮ್ಮ ಕೆಲವರು ನ್ಯಾಯಮೂರ್ತಿಯ ಹೆಸರನ್ನು ನೋಡಿ ಹೆಮ್ಮೆಪಟ್ಟದ್ದಿರಬಹುದು. ತೀರ್ಪಿನ ಫಲ ಕರಜಗಿಗೆ ತಲುಪಿತೇ ಎಂದು ಕೇಳುವುದು ಅದಕ್ಕಿಂತ ಹೆಚ್ಚಿನ ಗೌರವವೆಂದು ನಾವು ಭಾವಿಸುತ್ತೇವೆ.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಮ್ಯಾಟಿನಿಬನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ರಾಷ್ಟ್ರೀಯ ಪಟ್ಟಿಯಲ್ಲಿಯೂ ಅದು ಇದೆ. ಆದರೆ ಮಾತ್ರೆಗೆ ಮುಂಚೆ ಒಂದು ಪ್ರಶ್ನೆಯಿದೆ: ಕೆಟ್ಟಿರುವುದು ಯಾವ ಸ್ವಿಚ್ಚು? ಕಿಟ್ ಜೀನ್‌ನ 11ನೇ ಭಾಗದಲ್ಲಿ ದೋಷವಿದ್ದರೆ ದಿನಕ್ಕೆ 400 ಮಿಲಿಗ್ರಾಂ ಚೆನ್ನಾಗಿ ಕೆಲಸ ಮಾಡುತ್ತದೆ. 9ನೇ ಭಾಗದಲ್ಲಿದ್ದರೆ ವೈದ್ಯರು ಇಮ್ಮಡಿ ಪ್ರಮಾಣವನ್ನು ಯೋಚಿಸುತ್ತಾರೆ. 2003ರಲ್ಲಿ ಪತ್ತೆಯಾದ ಇನ್ನೊಂದು ಜೀನ್‌ನ ಒಂದು ನಿರ್ದಿಷ್ಟ ದೋಷವಿದ್ದರಂತೂ ಇಮ್ಯಾಟಿನಿಬ್ ಏನೂ ಮಾಡದು. ಅದಕ್ಕೆ ಅವಾಪ್ರಿಟಿನಿಬ್ ಎಂಬ ಬೇರೆ ಔಷಧಿ ಅಮೇರಿಕದಲ್ಲಿ 2020ರಲ್ಲಿ ಬಂತು. ಅಂದರೆ ಪರೀಕ್ಷೆಯಿಲ್ಲದೆ ಕೊಟ್ಟ ಮಾತ್ರೆಯು ಕೆಲವರ ಪಾಲಿಗೆ ಬರೀ ಖರ್ಚು. ಈ ಆಣ್ವಿಕ ಪರೀಕ್ಷೆಯನ್ನು ಶ್ರೀಮಂತರ ಚಟವೆಂದು ತಿಳಿಯುವುದು ತಪ್ಪು. ಬಡವನಿಗೇ ಅದು ಹೆಚ್ಚು ಬೇಕು, ಯಾಕೆಂದರೆ ವ್ಯರ್ಥ ಮಾಡಲು ಅವನ ಬಳಿ ಹಣವೂ ಇಲ್ಲ, ಸಮಯವೂ ಇಲ್ಲ.

ಸರಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಬಡತನ ರೇಖೆಯ ಕೆಳಗಿನವರಿಗೆ ದೊಡ್ಡ ರೋಗಗಳ ಚಿಕಿತ್ಸೆ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಆರಂಭವಾದದ್ದೇ ಗುಲ್ಬರ್ಗಾ ವಿಭಾಗದಲ್ಲಿ. ಅದರಿಂದ ಸಾವುಗಳು ಕಡಿಮೆಯಾದುದನ್ನು 2014ರ ಅಧ್ಯಯನವೊಂದು ತೋರಿಸಿತು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವಿದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯಿದೆ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಹೊತ್ತ ಸಂಸ್ಥೆ ಅದು. ಆದರೆ ಗಡ್ಡೆಯ ತುಣುಕಿನ ಜೀನ್ ಪರೀಕ್ಷೆ ಕಲಬುರಗಿಯಲ್ಲೇ, ಉಚಿತವಾಗಿ ಆಗಬೇಕೆಂದು ಈ ಭಾಗದ ಜನಪ್ರತಿನಿಧಿಗಳು ಎಂದಾದರೂ ಒತ್ತಾಯಿಸಿದ್ದಾರೆಯೇ? 371(ಜೆ) ಕಲಮಿನ ವಿಶೇಷ ಸ್ಥಾನಮಾನ ಬಂದು ದಶಕ ಕಳೆದಿದೆ. ರಸ್ತೆ, ಭವನ, ಕಮಾನುಗಳ ಮೇಲಿನ ಉತ್ಸಾಹದ ಒಂದಂಶ ಪ್ರಯೋಗಾಲಯದ ಮೇಲೂ ಇರಬಾರದೇ?

ಇನ್ನು ನಮ್ಮ ಸಮುದಾಯದ ಕಡೆಗೆ ತಿರುಗೋಣ. ಇಬ್ನ್ ಸೀನಾ, ಅಝ್ಝಹ್ರಾವಿಯವರ ಹೆಸರು ಹೇಳಿ ಎದೆಯುಬ್ಬಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರು(ಸ) ಸ್ಪಷ್ಟವಾಗಿ ಆದೇಶಿಸಿದ್ದಾರೆಂಬುದೂ ನಮಗೆ ಗೊತ್ತು. ಆದರೂ ನಮ್ಮ ಝಕಾತ್ ರಮಝಾನಿನ ಕೊನೆಯ ಹತ್ತರಲ್ಲಿ ಸೀರೆ, ಲುಂಗಿ, ನೂರರ ನೋಟುಗಳಾಗಿ ಚದುರಿಹೋಗುತ್ತದೆ. ಜಿಸ್ಟ್ ರೋಗಿಗೆ ಬೇಕಾದುದು ವರ್ಷಕ್ಕೊಮ್ಮೆಯ ಕರುಣೆಯಲ್ಲ, ತಿಂಗಳು ತಿಂಗಳಿನ ಮಾತ್ರೆ. ಫ್ರಾನ್ಸಿನ ಒಂದು ಪ್ರಯೋಗದಲ್ಲಿ, ರೋಗ ಹರಡಿದ್ದವರು ಒಂದು ವರ್ಷದ ಬಳಿಕ ಮಾತ್ರೆ ನಿಲ್ಲಿಸಿದಾಗ ಹೆಚ್ಚಿನವರಲ್ಲಿ ಗಡ್ಡೆ ಮರಳಿ ಬೆಳೆಯಿತು. ಶಸ್ತ್ರಚಿಕಿತ್ಸೆಯಾದ ಅಪಾಯದಂಚಿನ ರೋಗಿಗಳಿಗೂ ಒಂದು ವರ್ಷಕ್ಕಿಂತ ಮೂರು ವರ್ಷದ ಮಾತ್ರೆಯೇ ಹೆಚ್ಚು ಆಯುಷ್ಯ ಕೊಟ್ಟಿತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ‘ಈಗ ಆರಾಮಿದ್ದೇನೆ, ಮಾತ್ರೆ ಏಕೆ?’ ಎಂಬ ಮಾತು ಇಲ್ಲಿ ಪ್ರಾಣಾಂತಿಕ.

ಮಸೀದಿಯ ಬೈತುಲ್‌ಮಾಲ್ ಒಬ್ಬ ಬಡ ರೋಗಿಯ ಮಾತ್ರೆಯ ಹೊಣೆಯನ್ನು ಮೂರು ವರ್ಷಕ್ಕೆ ಹೊತ್ತರೆ ಝಕಾತ್ ಸಲ್ಲುತ್ತದೆಯೇ ಎಂದು ಕೆಲವರು ಅನುಮಾನಿಸುತ್ತಾರೆ. ಔಷಧಿಯನ್ನು ಖರೀದಿಸಿ ಅರ್ಹನ ಒಡೆತನಕ್ಕೆ ಒಪ್ಪಿಸಿದರೆ ತಮ್ಲೀಕ್‌ನ ಷರತ್ತು ಪೂರ್ಣವಾಗುತ್ತದೆ. ಚಿಕಿತ್ಸೆಗಾಗಿ ಸಾಲದಲ್ಲಿ ಮುಳುಗಿದವನಂತೂ ಕುರ್‌ಆನ್ ಹೇಳಿದ ಎಂಟು ವರ್ಗಗಳಲ್ಲೇ ಬರುತ್ತಾನೆ. ನೆರೆಮನೆಯ ಹಿಂದೂ ಸಹೋದರನಿಗೆ ಸದಕಾದ ಬಾಗಿಲು ಯಾವತ್ತೂ ತೆರೆದಿದೆ.

ರಮಝಾನಿನ ಕುರಿತು ಒಂದು ಮಾತು. ಈ ಮಾತ್ರೆಯನ್ನು ಊಟದೊಂದಿಗೆ, ದೊಡ್ಡ ಲೋಟ ನೀರಿನೊಂದಿಗೆ ಸೇವಿಸಬೇಕು. ಉಪವಾಸಕ್ಕಾಗಿ ತಿಂಗಳಿಡೀ ಅದನ್ನು ಬಿಡುವುದು ತಕ್ವಾ ಅಲ್ಲ. ಇಫ್ತಾರ್ ಅಥವಾ ಸಹರಿಯ ಹೊತ್ತಿಗೆ ಬದಲಿಸಬಹುದೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ಉಪವಾಸವೇ ಕೂಡದೆಂದು ಅವರು ಹೇಳಿದರೆ, ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿರುವಾಗ ಅದನ್ನು ನಿರಾಕರಿಸಲು ನಾವು ಯಾರು? ಖುತುಬಾದಲ್ಲಿ ಖತೀಬರು ಇದನ್ನು ಬಿಡಿಸಿ ಹೇಳಲಿ.

ಶಸ್ತ್ರಚಿಕಿತ್ಸೆಯ ಬಳಿಕ ಗಡ್ಡೆಯ ತುಣುಕನ್ನು ಮೇಣದಲ್ಲಿ ಅಚ್ಚು ಹಾಕಿ ಪ್ರಯೋಗಾಲಯದಲ್ಲಿ ಇಟ್ಟಿರುತ್ತಾರೆ. ಅದನ್ನೇ ಬ್ಲಾಕ್ ಎನ್ನುತ್ತಾರೆ. ಜೀನ್ ಪರೀಕ್ಷೆ ನಡೆಯುವುದು ಅದರಿಂದಲೇ. ಹೊಸದಾಗಿ ಹೊಟ್ಟೆ ಕೊಯ್ಯಬೇಕಿಲ್ಲ. ಬಿಡುಗಡೆಯ ದಿನ ರೋಗಿಯ ಜೊತೆಗಿರುವವರು ಹಣ್ಣಿನ ಚೀಲದೊಂದಿಗೆ ಆ ಬ್ಲಾಕನ್ನೂ ವರದಿಯನ್ನೂ ಕೇಳಿ ಪಡೆದುಕೊಂಡು ಊರಿಗೆ ಮರಳಲಿ.