ಕ್ರೆಡಿಟ್ ಬೇಡ, ನಮ್ಮ ದುಡ್ಡು ಕೊಡಿ

ಟೂರ್ ರದ್ದು ಮಾಡಿದವರು ಅವರು. ದುಡ್ಡು ಕೇಳಿದರೆ ಮಾತ್ರ, "ಕ್ರೆಡಿಟ್ ಇದೆ, ಮುಂದಿನ ವರ್ಷ ಹೋಗಿಬನ್ನಿ" ಅನ್ನುತ್ತಾರೆ. ಸಂಘದಲ್ಲಿ ಸಾಲ ಎತ್ತಿ ಕಾಶಿಗೆ ಬುಕ್ ಮಾಡಿದವರಿಗೆ ಈ ಕ್ರೆಡಿಟ್ ಯಾತಕ್ಕೆ? ಅದನ್ನು ತೋರಿಸಿದರೆ ಗೊಬ್ಬರದ ಅಂಗಡಿಯವರು ಒಂದು ಚೀಲ ಯೂರಿಯಾ ಕೊಡುತ್ತಾರಾ? ಸಾಲಕ್ಕೆ ಬಡ್ಡಿ ಕಟ್ಟುವವರು ನಾವು, ದುಡ್ಡು ಪುಕ್ಕಟೆ ಇಟ್ಟುಕೊಳ್ಳುವವರು ಅವರು.

"ಕಂಪನಿಗೂ ನಷ್ಟ ಆಗಿದೆಯಲ್ಲ" ಅನ್ನಬಹುದು. ಲಾಕ್‌ಡೌನ್‌ನಲ್ಲಿ ವಿಮಾನ ಕಂಪನಿಗಳೂ ಇದನ್ನೇ ಹೇಳಿದ್ದವು. ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಕೊಟ್ಟ ತೀರ್ಪು ನೋಡಿ. ಲಾಕ್‌ಡೌನ್‌ಗೆ ಮೊದಲೇ ಬುಕ್ ಮಾಡಿ ರದ್ದಾದ ಟಿಕೆಟ್‌ಗಳ ಹಣ 15 ದಿನದಲ್ಲಿ ವಾಪಸ್. ಕಂಪನಿ ನಿಜಕ್ಕೂ ಹಣಕಾಸಿನ ಕಷ್ಟದಲ್ಲಿದ್ದರೆ ಮಾತ್ರ ಕ್ರೆಡಿಟ್. ಅದರ ಮೌಲ್ಯವೂ ತಿಂಗಳು ತಿಂಗಳು ಏರಬೇಕು, 2020ರ ಜುಲೈನಿಂದ ಶೇ 0.75ರಂತೆ. 2021ರ ಮಾರ್ಚ್ 31ರೊಳಗೆ ಬಳಸದಿದ್ದರೆ ಹಣವನ್ನೇ ಕೊಡಬೇಕು.

ಆ ತೀರ್ಪು ವಿಮಾನ ಟಿಕೆಟ್‌ಗೆ, ನಿಜ. ಆದರೆ ಟೂರ್ ಬಸ್ಸಿಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ನೀವೇ ರದ್ದು ಮಾಡಿದ್ದರೆ ಷರತ್ತಿನಂತೆ ಸ್ವಲ್ಪ ಕಡಿತ ಇರಬಹುದು. ಹಣ ಪಡೆದು ಅವರೇ ಕರೆದೊಯ್ಯದಿದ್ದರೆ ಅದು ಸೇವಾ ನ್ಯೂನತೆ.

ಮೊದಲು 1915ಕ್ಕೆ ಫೋನ್ ಮಾಡಿ. ಬಗ್ಗದಿದ್ದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಕಂಪನಿ ಬೆಂಗಳೂರಿನಲ್ಲಿದ್ದರೂ ನಿಮ್ಮ ಜಿಲ್ಲೆಯಲ್ಲೇ ಕೊಡಬಹುದು. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ರಸೀದಿ, ವಾಟ್ಸಾಪ್ ಮೆಸೇಜು ಅಳಿಸಬೇಡಿ. ಕ್ರೆಡಿಟ್‌ಗೆ "ಓಕೆ" ಅಂತ ಮಾತ್ರ ಕಳಿಸಲೇಬೇಡಿ.