ಓದಿನ ಅಳತೆ

ಮಳೆ ತಡವಾದ ವರ್ಷಗಳಲ್ಲಿ ಊರಿನವರು ಕೂಡಿ ವಿರಾಟಪರ್ವವನ್ನು ಓದಿಸುವ ವಾಡಿಕೆ ನಮ್ಮ ನಾಡಿನ ಹಳ್ಳಿಗಳಲ್ಲಿ ಬಹುಕಾಲದಿಂದ ಉಂಟು. ಮಧುಗಿರಿ, ಕೊರಟಗೆರೆಗಳಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಅದಕ್ಕೆ ಸಂದರ್ಭಗಳು ಮೇಲಿಂದ ಮೇಲೆ ಒದಗಿದ್ದರೆ ಆಶ್ಚರ್ಯವಿಲ್ಲ. ಓದಿನಿಂದ ಮಳೆ ಬರುವುದೆಂದು ವಿಜ್ಞಾನದ ಪತ್ರಿಕೆಯಲ್ಲಿ ಬರೆಯುವ ಧೈರ್ಯ ನನಗಿಲ್ಲ. ಆದರೆ ಆ ಓದಿನ ಕ್ರಮದಲ್ಲಿ ಗಮನಿಸತಕ್ಕ ಅಂಶವೊಂದಿದೆ. ವಾಚಕನು ಕುಮಾರವ್ಯಾಸನ ಷಟ್ಪದಿಗಳನ್ನು ರಾಗವಾಗಿ ಓದುವನು. ವ್ಯಾಖ್ಯಾನಕಾರನು ಅರ್ಥ ಹೇಳುವನು. ಸಂಧಿ ಮುಗಿದಲ್ಲಿ ಓದು ನಿಲ್ಲುವುದು. ಮರುರಾತ್ರಿ ಗ್ರಂಥವನ್ನು ತೆರೆಯುವ ಮುನ್ನ ಹಿರಿಯರೊಬ್ಬರು, “ಕಥೆ ಎಲ್ಲಿಗೆ ಬಂದಿತ್ತು?” ಎಂದು ಕೇಳುವರು. “ಎಷ್ಟು ಪುಟವಾಯಿತು?” ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಈ ಪ್ರಶ್ನೆ ನನಗೆ ನೆನಪಾದದ್ದು ಕಳೆದ ಬೇಸಗೆಯಲ್ಲಿ, ಕೊರಟಗೆರೆ ತಾಲ್ಲೂಕಿನ ಕೊಳಾಲದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ. ಆರನೆಯ ತರಗತಿಯನ್ನು ಮುಗಿಸಿದ್ದ ಅಕ್ಕನ ಮಗಳು, ರಜೆಯ ಒಂದು ತಿಂಗಳು ನಡೆಯುವ ಓದಿನ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟಿದ್ದಳು. ಪಟ್ಟಣಗಳಲ್ಲಿ ಇಂಥದಕ್ಕೆ ‘ರೀಡಥಾನ್’ ಎನ್ನುತ್ತಾರೆ. ಸ್ಪರ್ಧಿಗಳು ದಿನದಿನವೂ ಒಂದು ನೋಟುಬುಕ್ಕಿನಲ್ಲಿ ಪುಸ್ತಕದ ಹೆಸರನ್ನೂ ಓದಿದ ಪುಟಗಳ ಸಂಖ್ಯೆಯನ್ನೂ ಬರೆಯತಕ್ಕದ್ದು. ಮೊತ್ತ ಹೆಚ್ಚಾದವರಿಗೆ ಬಹುಮಾನ.

ಹುಡುಗಿ ಮೊದಲ ದಿನ ಚಂದ್ರನನ್ನು ಕುರಿತ ಪುಸ್ತಕವೊಂದನ್ನು ಹಿಡಿದಳು. ಬಿದಿಗೆಯ ಗೆರೆ ಹುಣ್ಣಿಮೆಯ ಬಿಂಬವಾಗುವುದು ಹೇಗೆಂಬುದನ್ನು ವಿವರಿಸುವ ಪುಟಗಳು ಅವಳಿಗೆ ಸುಲಭವಾಗಿ ತಿಳಿಯಲಿಲ್ಲ. ರಾತ್ರಿ ಅಡಿಗೆಮನೆಯಿಂದ ನಿಂಬೆಹಣ್ಣೊಂದನ್ನು ತಂದು, ದೀಪಕ್ಕೆದುರಾಗಿ ಹಿಡಿದು, ತಾನೇ ಸುತ್ತ ತಿರುಗಿ, ಬೆಳಕಿನ ಪಾಲು ಹೆಚ್ಚುವುದನ್ನೂ ಕುಗ್ಗುವುದನ್ನೂ ನೋಡಿದಳಂತೆ. ಅಂದಿನ ಲೆಕ್ಕದಲ್ಲಿ ಬಿದ್ದ ಅಂಕಿ 4. ಪಕ್ಕದ ಮನೆಯ ಗೆಳತಿಯದು 60. ಮೂರನೆಯ ದಿನದಿಂದ ನಮ್ಮ ಹುಡುಗಿಯ ನೋಟುಬುಕ್ಕಿನಲ್ಲಿ ತೆಳುವಾದ ಕಥೆಪುಸ್ತಕಗಳ ಹೆಸರುಗಳೇ ಇದ್ದವು. ಅಂಕಿಗಳು 50ಕ್ಕೂ 70ಕ್ಕೂ ಏರಿದ್ದವು. ಚಂದ್ರನ ಪುಸ್ತಕ ಗೂಡಿನಲ್ಲಿ ಮಲಗಿತ್ತು.

ಅಳೆಯುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಭೌತವಿಜ್ಞಾನದ ಅಧ್ಯಾಪಕನು ಹಾಗೆ ಹೇಳಿದರೆ ತಾನು ಕುಳಿತ ಕೊಂಬೆಯನ್ನೇ ಕಡಿದಂತಾದೀತು. ತಾನು ಓದಿದ್ದರ ಲೆಕ್ಕವನ್ನು ತಾನೇ ಇಡುವುದು ಒಳ್ಳೆಯ ಅಭ್ಯಾಸ. ಅದರಿಂದ ಕ್ರಮವೂ ನಿಯತಿಯೂ ಬರುತ್ತವೆ. ನನ್ನ ಆಕ್ಷೇಪಣೆ ಅಳತೆಗೋಲಿನ ಮೇಲೆ.

ಈ ಸ್ಪರ್ಧೆಗಳು ತಮ್ಮ ಹೆಸರನ್ನು ಮ್ಯಾರಥಾನ್ ಓಟದಿಂದ ಎರವಲು ಪಡೆದಿವೆ. ಆ ಓಟದ ದೂರ 42.195 ಕಿಲೋಮೀಟರು; ಅದರಲ್ಲಿ ಹತ್ತನೆಯ ಕಿಲೋಮೀಟರಿಗೂ ನಲವತ್ತನೆಯದಕ್ಕೂ ಉದ್ದದಲ್ಲಿ ಭೇದವಿಲ್ಲ. ಪುಟಕ್ಕೆ ಈ ಗುಣವಿಲ್ಲ. ಕೊಳಾಲದ ಆ ಗೂಡಿನಲ್ಲಿದ್ದ ಎರಡು ಪುಸ್ತಕಗಳನ್ನು ತೆಗೆದು ಎಣಿಸಿ ನೋಡಿದೆ. ಒಂದರ ಪುಟಕ್ಕೆ 30 ಸಾಲು, ಸಾಲಿಗೆ ಸುಮಾರು 8 ಪದ. ಇನ್ನೊಂದರ ಪುಟಕ್ಕೆ 16 ಸಾಲು, ಸಾಲಿಗೆ ಸುಮಾರು 5 ಪದ. ಮೊದಲನೆಯದರ ಒಂದು ಪುಟ ಎರಡನೆಯದರ ಮೂರು ಪುಟಗಳಿಗೆ ಸಮ. ಅಂಗಡಿಯಲ್ಲಿ ಹೀಗೆ ಒಂದೇ ಹೆಸರಿನ ಎರಡು ತೂಕದ ಬಟ್ಟುಗಳಿದ್ದರೆ ನಾವು ಸುಮ್ಮನಿರುತ್ತೇವೆಯೆ?

ಹಾಗಾದರೆ ಪದಗಳನ್ನೇ ಎಣಿಸಬಾರದೇಕೆ ಎಂದು ಕೇಳಬಹುದು. ಮಾರ್ಕ್ ಬ್ರಿಸ್‌ಬೇರ್ಟ್ ಎಂಬ ಬೆಲ್ಜಿಯಂ ದೇಶದ ಮನಶ್ಶಾಸ್ತ್ರಜ್ಞರು 2019ರಲ್ಲಿ, ಓದಿನ ವೇಗವನ್ನು ಕುರಿತ 190 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಇಂಗ್ಲಿಷಿನಲ್ಲಿ ಕಥೆಯಲ್ಲದ ಬರಹವನ್ನು ವಯಸ್ಕರು ಮೌನವಾಗಿ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದಗಳೆಂದೂ, ಗಟ್ಟಿಯಾಗಿ ಓದಿದರೆ 183 ಪದಗಳೆಂದೂ ಅವರಿಗೆ ಕಂಡುಬಂದಿತು. ಈ ಸಂಖ್ಯೆಗಳನ್ನು ಕನ್ನಡಕ್ಕೆ ಹಾಗೆಯೇ ಹಚ್ಚಲಾಗದು. ‘ಬರಲಾರನಂತೆ’ ಎಂಬ ನಮ್ಮ ಒಂದೇ ಪದದಲ್ಲಿ ಬರುವ ಕ್ರಿಯೆ, ಬರಲಾಗದಿರುವಿಕೆ, ಬಾರದವನು ಗಂಡಸೆಂಬುದು, ಇದು ಇತರರಿಂದ ಕೇಳಿದ ಮಾತೆಂಬುದು ಎಲ್ಲವೂ ಅಡಗಿವೆ. ಇಂಗ್ಲಿಷಿನವನು ಇದನ್ನು ಹೇಳಲು ಐದಾರು ಪದಗಳನ್ನಾದರೂ ವೆಚ್ಚಮಾಡಬೇಕು. ಪದಗಳ ಲೆಕ್ಕ ಸರಿಹೋಯಿತೆಂದೇ ಇಟ್ಟುಕೊಂಡರೂ, ನರಿಯ ಕಥೆಯ ನೂರು ಪದಗಳೂ ಚಂದ್ರನ ಗತಿಯ ನೂರು ಪದಗಳೂ ಓದುವವನಿಂದ ಒಂದೇ ಶ್ರಮವನ್ನು ಕೇಳುವುದಿಲ್ಲ.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಒಂದು ಚಮಚ ಬಿಸಿನೀರಿನ ಉಷ್ಣತೆಯನ್ನು ತಿಳಿಯಲು ತಣ್ಣಗಿರುವ ದಪ್ಪ ಉಷ್ಣತಾಮಾಪಕವನ್ನು ಅದ್ದಿದರೆ, ಮಾಪಕವೇ ಶಾಖವನ್ನು ಹೀರಿ ನೀರನ್ನು ತಣಿಸಿಬಿಡುತ್ತದೆ. ನಮಗೆ ಸಿಗುವುದು ಕೆಟ್ಟುಹೋದ ನೀರಿನ ಉಷ್ಣತೆ. ಎಳೆಯರ ಓದಿನಲ್ಲಿ ಪುಟಗಳ ಲೆಕ್ಕ ಹೀಗೆಯೇ ವರ್ತಿಸುತ್ತದೆ. ಯಾವ ಸಂಖ್ಯೆಯನ್ನು ಹಿಡಿದು ಜನರನ್ನು ನಿಯಂತ್ರಿಸಹೊರಡುತ್ತೇವೆಯೋ ಆ ಸಂಖ್ಯೆ ತನ್ನ ಹಿಂದಿನ ಅರ್ಥವನ್ನು ಉಳಿಸಿಕೊಳ್ಳಲಾರದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣದ ನೀತಿಯನ್ನು ಕುರಿತು ತೋರಿಸಿಕೊಟ್ಟರು. ಅದೇ ನಿಯಮ ಕೊಳಾಲದ ನೋಟುಬುಕ್ಕಿನಲ್ಲಿಯೂ ನಡೆಯಿತು. ಲೆಕ್ಕ ಬೆಳೆದದ್ದು ಓದು ಬೆಳೆದುದರಿಂದಲ್ಲ, ಪುಸ್ತಕಗಳು ತೆಳುವಾದುದರಿಂದ.

ಇನ್ನು, ಓದಿದ್ದು ಉಳಿಯುವುದೆ ಎಂಬ ಪ್ರಶ್ನೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿತು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಗದ್ಯವನ್ನು ನೋಡದೆ ನೆನಪಿದ್ದುದನ್ನು ಬರೆಯಿತು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಓದುತ್ತಲೇ ಇದ್ದವರು ಶೇಕಡ 83ರಷ್ಟನ್ನೂ ನೆನೆದು ಬರೆದವರು 71ರಷ್ಟನ್ನೂ ಹೇಳಬಲ್ಲವರಾಗಿದ್ದರು. ಒಂದು ವಾರದ ಮೇಲೆ ತಕ್ಕಡಿ ತಿರುಗಿತು: ಓದಿದವರಲ್ಲಿ ಉಳಿದದ್ದು ಶೇಕಡ 40, ನೆನೆದವರಲ್ಲಿ 61. ಓದನ್ನು ನಿಲ್ಲಿಸಿ, ಗ್ರಂಥವನ್ನು ಮುಚ್ಚಿ, “ಕಥೆ ಎಲ್ಲಿಗೆ ಬಂದಿತ್ತು?” ಎಂದು ಕೇಳುತ್ತಿದ್ದ ಹಿರಿಯರಿಗೆ ಈ ಅಂಕಿಗಳು ತಿಳಿದಿರಲಿಲ್ಲ, ಆದರೂ ಅವರ ಪದ್ಧತಿ ಸರಿಯಾಗಿತ್ತು. ಏಳೇ ದಿನಗಳಲ್ಲಿ ಮುಗಿಯಬೇಕಾದ ಭಾಗವತ ಸಪ್ತಾಹದಲ್ಲಿ ಸಹ, ದಿನದ ಓದು ಎಲ್ಲಿ ನಿಲ್ಲಬೇಕೆಂಬುದು ಕಥಾಸಂದರ್ಭವನ್ನು ನೋಡಿ ಗೊತ್ತಾಗಿರುತ್ತದೆ.

ಆದುದರಿಂದ ನನ್ನ ಸೂಚನೆ ಇಷ್ಟು. ಓದಿನ ಸ್ಪರ್ಧೆಗಳು ನಡೆಯಲಿ, ನೋಟುಬುಕ್ಕೂ ಇರಲಿ. ಅದರಲ್ಲಿ ಪುಟಗಳ ಬದಲು ಮೂರು ಅಂಕಣಗಳಿರಲಿ. ಮೊದಲನೆಯದರಲ್ಲಿ ಓದಿಗೆ ಕೊಟ್ಟ ನಿಮಿಷಗಳು. ಎರಡನೆಯದರಲ್ಲಿ ಓದು ನಿಂತ ಸ್ಥಳ. ಮೂರನೆಯದರಲ್ಲಿ, ಮರುದಿನ ಬೆಳಿಗ್ಗೆ ಪುಸ್ತಕವನ್ನು ತೆರೆಯದೆ ಬರೆದ ಎರಡು ವಾಕ್ಯಗಳು. ಬಹುಮಾನ ಕೊಡಲೇಬೇಕಾದರೆ, ತಪ್ಪದೆ ಓದಿದ ದಿನಗಳಿಗೆ ಕೊಡಬಹುದು.

ಪುಟಗಳನ್ನು ಎಣಿಸುವುದು ಸುಲಭ, ವಾಕ್ಯಗಳನ್ನು ಓದಿ ನೋಡುವ ಪುರುಸೊತ್ತು ಯಾರಿಗಿದೆ ಎಂಬ ಆಕ್ಷೇಪ ಬಂದೀತು. ಒಬ್ಬರೇ ನಡೆಸುವ ಹಳ್ಳಿಯ ಗ್ರಂಥಾಲಯದಲ್ಲಿ ಈ ಕಷ್ಟ ನಿಜವಾದದ್ದೇ. ಆದರೆ ಮಕ್ಕಳು ಸುತ್ತ ಕುಳಿತು ಒಬ್ಬೊಬ್ಬರಾಗಿ ತಮ್ಮ ಎರಡು ವಾಕ್ಯಗಳನ್ನು ಹೇಳಲು ಕಾಲು ಗಂಟೆ ಸಾಕು. ಒಬ್ಬಳ ವಾಕ್ಯ ಇನ್ನೊಬ್ಬನನ್ನು ಆ ಪುಸ್ತಕದ ಕಡೆಗೆ ಎಳೆಯಲೂಬಹುದು. ಲೆಕ್ಕದ ಆಸೆಯಿಂದಲಾದರೂ ಹುಡುಗರು ಪುಸ್ತಕ ಹಿಡಿಯುತ್ತಾರಲ್ಲ ಎಂಬ ವಾದದಲ್ಲಿಯೂ ಹುರುಳಿದೆ. ಹಿಡಿಸಲು ಆಸೆ ಬೇಕಾದೀತು; ಆದರೆ ನಿಧಾನವಾಗಿ ಓದುವ ಮಗುವಿಗೆ ಅದೇ ಲೆಕ್ಕ, ನೀನು ಹಿಂದುಳಿದವನೆಂದು ದಿನದಿನವೂ ಹೇಳುತ್ತದೆ. ಕರ್ನಾಟಕದಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಹಳ್ಳಿಯ ಮಕ್ಕಳನ್ನು ಕರೆತರಲು ಹೊರಟಿತು. ಹಾಗೆ ಬರುವವರಲ್ಲಿ, ಮನೆಯಲ್ಲಿ ಪಠ್ಯಪುಸ್ತಕವಲ್ಲದೆ ಬೇರೆ ಪುಸ್ತಕವನ್ನೇ ಕಾಣದವರೂ ಇರುತ್ತಾರೆ. ಅವರು ಕೊಡಬಲ್ಲದ್ದು ವೇಗವನ್ನಲ್ಲ, ಕಾಲವನ್ನು. ಅರ್ಧ ಗಂಟೆ ಎಂಬುದು ಎಲ್ಲ ಮಕ್ಕಳಿಗೂ ಅರ್ಧ ಗಂಟೆಯೇ.

ಊರಿಗೆ ಹೊರಡುವ ದಿನ ನಾನು ಗೂಡಿನಿಂದ ಚಂದ್ರನ ಪುಸ್ತಕವನ್ನು ತೆಗೆದಾಗ ಹುಡುಗಿ ಒಂದು ಮಾತು ಕೇಳಿದಳು: “ಮಾಮ, ಹುಣ್ಣಿಮೆಯ ದಿನ ಭೂಮಿ ನಡುವೆ ಇರುತ್ತದಲ್ಲ, ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಾಗುವುದಿಲ್ಲ?” ಚಂದ್ರನ ಪಥ ಭೂಮಿಯ ಪಥಕ್ಕೆ ಸುಮಾರು 5 ಡಿಗ್ರಿ ಓರೆಯಾಗಿರುವುದನ್ನೂ, ಅದರಿಂದ ಬಹುತೇಕ ಹುಣ್ಣಿಮೆಗಳಲ್ಲಿ ಚಂದ್ರನು ಭೂಮಿಯ ನೆರಳಿನ ಮೇಲೋ ಕೆಳಗೋ ಹಾದುಹೋಗುವುದನ್ನೂ ಮತ್ತೆ ಆ ದೀಪ, ನಿಂಬೆಹಣ್ಣುಗಳಿಂದಲೇ ತೋರಿಸಿದೆ. ತಿಂಗಳಲ್ಲಿ ಅವಳು ಓದಿದ ನೂರಾರು ಪುಟಗಳಲ್ಲಿ, ಪ್ರಶ್ನೆಯೊಂದನ್ನು ಹುಟ್ಟಿಸಿದ್ದು ಆ ನಾಲ್ಕು. ಅಂಥ ನಾಲ್ಕು ಪುಟಗಳನ್ನು ನಷ್ಟವೆಂದು ತೋರಿಸುವ ಲೆಕ್ಕವನ್ನು ಮಕ್ಕಳ ಕೈಗೆ ಕೊಡಬಾರದು.