ಅತ್ತಿಬೆಲೆ ದಾಟಿದರೆ ಸಾಕು

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯ ಕೋಡ್‌ನಲ್ಲಿ ಒಂದು ಪುಟ್ಟ ಪಟ್ಟಿ ಇತ್ತು. ಅಸ್ಸಾಂ, ಒಡಿಶಾ, ತೆಲಂಗಾಣ, ಆಂಧ್ರ, ಸಿಕ್ಕಿಂ, ನಾಗಾಲ್ಯಾಂಡ್... ಫೋನು ಈ ರಾಜ್ಯಗಳಲ್ಲಿದೆ ಅಂತ ಜಿಪಿಎಸ್ ಹೇಳಿದರೆ ದುಡ್ಡು ಕಟ್ಟುವ ಬಟನ್ ಮಾಯ. ಬೇರೆ ಕಡೆ ಇದ್ದರೆ ಹಾಜರ್. ಕ್ರಿಕೆಟ್ ಫ್ಯಾಂಟಸಿ ಆಟದ ಕಂಪನಿ ಅದು, ಹೆಸರು ಬೇಡ ಬಿಡಿ. ಆ ಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ.

2021ರ ಅಕ್ಟೋಬರ್ 5ಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ, ಕೌಶಲದ್ದಾದರೂ ಸರಿ, ಅಪರಾಧ. ನಾನು ಪಟ್ಟಿಗೆ ಒಂದು ಸಾಲು ಸೇರಿಸಿದೆ. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ನಿಷೇಧ ಸಂವಿಧಾನಬಾಹಿರ ಅಂದಿತು. ಅದೇ ಸಾಲು ಅಳಿಸಿದೆ. ನಾಲ್ಕು ತಿಂಗಳು ಅಪರಾಧ, ಮತ್ತೆ ವ್ಯಾಪಾರ!

ಆ ನಾಲ್ಕು ತಿಂಗಳಲ್ಲಿ ಏನಾಯಿತು ಅಂತ ನನಗೆ ತಡವಾಗಿ ಗೊತ್ತಾಯಿತು. ನನ್ನ ಚಿಕ್ಕಮ್ಮನ ಮಗ ಅತ್ತಿಬೆಲೆಯಲ್ಲಿ ರೂಮ್ ಮಾಡಿಕೊಂಡು ಹೊಸೂರಿನ ಫ್ಯಾಕ್ಟರಿಗೆ ಹೋಗುತ್ತಿದ್ದ. ತಮಿಳುನಾಡು 2020ರ ನವೆಂಬರಿನಲ್ಲಿ ಇಂಥದ್ದೇ ನಿಷೇಧ ತಂದಿತ್ತು, 2021ರ ಆಗಸ್ಟಿನಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ರದ್ದು ಮಾಡಿತ್ತು. ಅಂದರೆ ಇಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿ ತೆರೆದಾಗಿತ್ತು. ಹುಡುಗ ಶಿಫ್ಟ್ ಮುಗಿಸಿ ಹೊಸೂರು ಬಸ್ ಸ್ಟ್ಯಾಂಡಿನಲ್ಲೇ ಕೂತು ಟೀಮ್ ಕಟ್ಟಿ, ದುಡ್ಡು ಹಾಕಿ, ಆಮೇಲೆ ಬಸ್ ಹತ್ತುತ್ತಿದ್ದ. "ಅಣ್ಣ, ನಿಮ್ಮ ಆ್ಯಪು ಇಲ್ಲಿ ನಡೀತದೆ, ಅತ್ತಿಬೆಲೆ ದಾಟಿದರೆ ಸಾಕು" ಅಂತ ಫೋನಿನಲ್ಲಿ ನಗುತ್ತಾ ಹೇಳಿದ್ದ. ನಾನೂ ನಕ್ಕೆ. ಒಂದು ಲಕ್ಷ ಎಂಬತ್ತು ಸಾವಿರ ಹೋಗಿತ್ತು ಅಂತ ಚಿಕ್ಕಮ್ಮ ಅತ್ತುಕೊಂಡು ಹೇಳಿದ್ದು ಮುಂದಿನ ಯುಗಾದಿಗೆ. ಅರ್ಧ ದುಡ್ಡು ಸಾಲದ ಆ್ಯಪಿನದು.

ಈಗ ವಿಷಯಕ್ಕೆ ಬರುತ್ತೇನೆ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 34ನೆಯದು ಬಾಜಿ ಮತ್ತು ಜೂಜು. ಹಾಗಾಗಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಸಿಕ್ಕಿಂ 2008ರಲ್ಲೇ ಆನ್‌ಲೈನ್ ಗೇಮಿಂಗಿಗೆ ಲೈಸೆನ್ಸ್ ಕೊಡುವ ಕಾಯ್ದೆ ಮಾಡಿತು. ತೆಲಂಗಾಣ 2017ರಲ್ಲಿ ಪೂರ್ತಿ ಮುಚ್ಚಿತು. ಗೋವಾದಲ್ಲಿ ಕ್ಯಾಸಿನೋ ಹಡಗು. ಒಕ್ಕೂಟ ವ್ಯವಸ್ಥೆಯಲ್ಲಿ ಇದೆಲ್ಲ ಸಹಜ ಅಂತೀರಾ? ಒಪ್ಪೋಣ. ಆದರೆ ಮದ್ಯದ ಬಾಟಲಿಯನ್ನು ಚೆಕ್‌ಪೋಸ್ಟಿನಲ್ಲಿ ಹಿಡಿಯಬಹುದು. ಜೇಬಿನ ಫೋನನ್ನು ಯಾರು ಹಿಡಿಯುತ್ತಾರೆ? ನಾನು ಬರೆದ ಆ ಒಂದು ಸಾಲು ಹಿಡಿಯಬೇಕಿತ್ತು. ಅದರ ಯೋಗ್ಯತೆ ನನಗೆ ಗೊತ್ತು.

ಎರಡನೇ ಗೆರೆ 'ಕೌಶಲ'ದ್ದು. 1996ರಲ್ಲಿ ಮದ್ರಾಸಿನ ಕುದುರೆ ರೇಸಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕುದುರೆ ಓಟ ಕೌಶಲದ ಆಟ, ಆದ್ದರಿಂದ ಅದರ ಮೇಲಿನ ಬಾಜಿ ಜೂಜಲ್ಲ ಅಂದಿತು. ಕುದುರೆಯ ತಳಿ, ತರಬೇತಿ, ಜಾಕಿಯ ಸಾಮರ್ಥ್ಯ ಎಲ್ಲ ಲೆಕ್ಕ ಹಾಕಿ ದುಡ್ಡು ಕಟ್ಟುತ್ತಾರಂತೆ. ಸರಿ ಸ್ವಾಮಿ. ಪಿಚ್ಚು, ಟಾಸು, ಬೌಲರನ ಫಾರ್ಮು ನೋಡಿ ಕ್ರಿಕೆಟ್ ಮೇಲೆ ದುಡ್ಡು ಕಟ್ಟುವವನಿಗೆ ಮಾತ್ರ ಕೌಶಲ ಇಲ್ಲವೇ? ಬೆಂಗಳೂರು ರೇಸ್‌ಕೋರ್ಸಿನ ಬೇಲಿಯೊಳಗೆ, ಓಟದ ದಿನ ಬಾಜಿ ಕಟ್ಟಿದರೆ ಅದು ನಮ್ಮ ಪೊಲೀಸ್ ಕಾಯ್ದೆಯ ಪ್ರಕಾರ ಜೂಜೇ ಅಲ್ಲ. ಬೇಲಿಯ ಆಚೆ ಟೀ ಅಂಗಡಿಯಲ್ಲಿ ಐಪಿಎಲ್ ಮೇಲೆ ಇನ್ನೂರು ರೂಪಾಯಿ ಕಟ್ಟಿದವನು ಸ್ಟೇಷನ್ನಿಗೆ. ನಮ್ಮ ಪುತ್ತೂರು ಕಡೆ ಕೋಳಿ ಅಂಕಕ್ಕೆ ದಾಳಿಯಾದರೆ ಜನರ ಜೊತೆ ಕೋಳಿಯೂ ಜಪ್ತಿ! (ಕೋಳಿಗೆ ಕತ್ತಿ ಕಟ್ಟುವ ಕ್ರೌರ್ಯವನ್ನು ನಾನು ಸಮರ್ಥಿಸುತ್ತಿಲ್ಲ, ಬಾಜಿಯ ಮಾತಷ್ಟೇ ಆಡುತ್ತಿದ್ದೇನೆ.) ಸೂಟು ತೊಟ್ಟವರ ಬಾಜಿಗೆ ಕೌಶಲ, ಲುಂಗಿ ಉಟ್ಟವರ ಬಾಜಿಗೆ ಕೇಸು.

"ಈಗ ಅದೆಲ್ಲ ಮುಗಿಯಿತಲ್ಲ ಮಾರಾಯ" ಅಂತ ಗೆಳೆಯರು ಹೇಳುತ್ತಾರೆ. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟ ಅಂತ ಭೇದ ಮಾಡದೆ ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಲ್ಲ. ಈ ಕೊನೆಯ ಅಂಶಕ್ಕೆ ನನ್ನದೊಂದು ಚಪ್ಪಾಳೆ. ದೊಡ್ಡ ಕಂಪನಿಗಳು ಆ ವಾರವೇ ದುಡ್ಡಿನ ಆಟ ನಿಲ್ಲಿಸಿದವು. ಆದರೆ ಪರದೇಶದ ಸರ್ವರಿನಿಂದ ನಡೆಯುವ ಬೆಟ್ಟಿಂಗ್ ಸೈಟು ಒಂದು ವಿಳಾಸ ಮುಚ್ಚಿದರೆ ಇನ್ನೊಂದು ವಿಳಾಸದಲ್ಲಿ ಏಳುತ್ತದೆ. ಗಡಿ ಅತ್ತಿಬೆಲೆಯಿಂದ ಸಮುದ್ರದ ಆಚೆಗೆ ಹೋಯಿತು, ಅಷ್ಟೇ. ರೇಸ್‌ಕೋರ್ಸಿನ ಬೇಲಿ ಇದ್ದಲ್ಲೇ ಇದೆ.

ಹಾಗಾದರೆ ಎಲ್ಲ ಬಾಜಿಗೂ ಲೈಸೆನ್ಸ್ ಕೊಡಬೇಕೇ? 2016ರಲ್ಲಿ ಲೋಧಾ ಸಮಿತಿ ಕ್ರಿಕೆಟ್ ಬೆಟ್ಟಿಂಗನ್ನು ಕಾನೂನುಬದ್ಧ ಮಾಡಿ ಅಂದಿತ್ತು. 2018ರಲ್ಲಿ ಕಾನೂನು ಆಯೋಗ, ತಡೆಯಲು ಆಗದಿದ್ದರೆ ನಿಯಂತ್ರಿಸುವುದೇ ದಾರಿ ಅಂದಿತು. ಇದರ ಬಗ್ಗೆ ಜಗಳ ಆಡೋಣ, ನಾನು ತಯಾರು. ಆದರೆ ಮೊದಲು ಅಳತೆಗೋಲು ಒಂದಾಗಲಿ. ಕುದುರೆಗಾಗಲಿ, ಕ್ರಿಕೆಟ್ಟಿಗಾಗಲಿ, ಕೇಳಬೇಕಾದ ಪ್ರಶ್ನೆ ಇಷ್ಟೇ: ತಿಂಗಳಿಗೆ ಒಬ್ಬ ಎಷ್ಟು ಕಳೆದುಕೊಳ್ಳಬಹುದು? ಸಾಲ ತಂದು ಆಡಲು ಬಿಡುತ್ತೀರಾ? ಚಟ ಹತ್ತಿದವನಿಗೆ ಚಿಕಿತ್ಸೆ ಎಲ್ಲಿ? ನಾನು ನೋಡಿಕೊಂಡ ಪಟ್ಟಿಯಲ್ಲಿ ಈ ಮೂರಕ್ಕೂ ಜಾಗ ಇರಲಿಲ್ಲ. ನೀನು ಎಲ್ಲಿ ನಿಂತಿದ್ದೀಯ ಅಂತ ಮಾತ್ರ ಅದು ಕೇಳುತ್ತಿತ್ತು. ಕಾನೂನು ಕೇಳುತ್ತಿದ್ದದ್ದೂ ಅದನ್ನೇ.

ಹುಡುಗ ಈಗ ಊರಲ್ಲಿದ್ದಾನೆ, ಸಾಲ ಇನ್ನೂ ತೀರಿಲ್ಲ. ಕಂತಿನಲ್ಲಿ ಸ್ವಲ್ಪ ನಾನೂ ಕಟ್ಟುತ್ತೇನೆ. ದಯೆ ಅಂದುಕೊಳ್ಳಬೇಡಿ, ಆ ಸಂಬಳ ತಗೊಂಡವನು ನಾನೇ.

ಒಪ್ಪದವರು ಕೆಳಗೆ ಬರೆಯಿರಿ. ಬೈದರೂ ಪರವಾಗಿಲ್ಲ, ಬೇಲಿ ಯಾಕೆ ಬೇಕು ಅನ್ನುವುದಕ್ಕೆ ಒಂದು ಕಾರಣ ಕೊಟ್ಟು ಬೈಯಿರಿ.